ಸುಣ್ಣದ ಗೂಡಿನ ಮುಂದಿನ ಕಡಲು

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಅನಾಕಾರ್ಟಿಸ್ ಪಟ್ಟಣದ ದಕ್ಕೆಯಿಂದ ಹೊರಡುವ ಫೆರಿಯು ಕಾಡು ತುಂಬಿದ ಕಿರುದ್ವೀಪಗಳ ನಡುವೆ ಸಾಗಿ, ಒಂದು ಗಂಟೆಗೂ ಮಿಕ್ಕಿದ ಹೊತ್ತಿನಲ್ಲಿ ಸ್ಯಾನ್ ಹ್ವಾನ್ ದ್ವೀಪವನ್ನು ಮುಟ್ಟುತ್ತದೆ. ದ್ವೀಪದ ಪಡುವಣ ಅಂಚಿನಲ್ಲಿ ಕಡಲಿಗೆ ಚಾಚಿದ ಬಂಡೆಗಳ ಒಂದು ಮೊನೆಯಿದೆ. ಹಿಂದೆ ಅಲ್ಲಿ ಸುಣ್ಣಕಲ್ಲನ್ನು ಸುಡುತ್ತಿದ್ದುದರಿಂದ ಅದಕ್ಕೆ ಲೈಮ್ ಕಿಲ್ನ್ ಪಾಯಿಂಟ್, ಎಂದರೆ ಸುಣ್ಣದ ಗೂಡಿನ ಮೊನೆ ಎಂಬ ಹೆಸರು ನಿಂತಿತು. ಗೂಡುಗಳು ಆರಿ ಬಹುಕಾಲವಾಯಿತು. 1919ರ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಈಗ ಜನರು ಬಂದು ಗಂಟೆಗಟ್ಟಲೆ ಕುಳಿತಿರುತ್ತಾರೆ. ನೀರನ್ನು ಸೀಳಿ ಮೇಲೇಳುವ ಓರ್ಕಾಗಳ ಕಪ್ಪು ಬೆನ್ನುರೆಕ್ಕೆಗಾಗಿ ಅವರು ಕಾಯುತ್ತಾರೆ.

ಮುಂದಿರುವುದು ಹಾರೋ ಜಲಸಂಧಿ. ಆಚೆ ದಡದ ನೀಲಿ ಗುಡ್ಡಗಳು ಕೆನಡಾದ ವ್ಯಾಂಕೂವರ್ ದ್ವೀಪಕ್ಕೆ ಸೇರಿದವು. ಗಡಿ ಎಲ್ಲಿರಬೇಕೆಂಬ ದೀರ್ಘ ವಿವಾದದ ಕೊನೆಗೆ, 1872ರಲ್ಲಿ ಜರ್ಮನಿಯ ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮನ ತೀರ್ಪಿನಂತೆ ಈ ನೀರಿನ ನಡುವೆ ಗೆರೆ ಬಿದ್ದಿತು. ಓರ್ಕಾಗಳಿಗೆ ಆ ಗೆರೆ ತಿಳಿಯದು. ಆದರೆ ಅವುಗಳನ್ನು ಕಾಯಬೇಕಾದ ಕಾಯಿದೆಗಳೂ, ಅವುಗಳ ನೆಮ್ಮದಿಯನ್ನು ಕೆಡಿಸುವ ಉದ್ಯಮಗಳೂ ಗೆರೆಯ ಎರಡು ಬದಿಗಳಲ್ಲಿ ಹಂಚಿಹೋಗಿವೆ.

ಈ ನೀರಿನ ಓರ್ಕಾಗಳನ್ನು ವಿಜ್ಞಾನಿಗಳು ‘ದಕ್ಷಿಣ ನಿವಾಸಿಗಳು’ ಎಂದು ಕರೆಯುತ್ತಾರೆ. ಜೆ, ಕೆ, ಎಲ್ ಎಂಬ ಮೂರು ಬಳಗಗಳು ಅವುಗಳಲ್ಲಿವೆ. ತಾಯಿಯೇ ಮನೆತನದ ಮೂಲ. ಬೆಳೆದ ಗಂಡುಮಕ್ಕಳೂ ಕೊನೆಯವರೆಗೆ ತಾಯಿಯ ಒಡನೆಯೇ ಈಜುತ್ತಾರೆ. ಪ್ರತಿಯೊಂದು ಬಳಗಕ್ಕೂ ತನ್ನದೇ ಕೂಗುಗಳ ಒಂದು ಆಡುನುಡಿಯುಂಟು. ಅದು ಹುಟ್ಟಿನಿಂದ ಬರುವುದಲ್ಲ, ಮರಿ ತಾಯಿಯ ಬಳಿಯಿದ್ದು ಕಲಿಯುವುದು. ಸೀಲುಗಳನ್ನು ತಿನ್ನುವ ಬೇರೆ ಓರ್ಕಾಗಳೂ ಇದೇ ನೀರಿನಲ್ಲಿ ಸಂಚರಿಸುತ್ತವೆ. ಆದರೆ ಇವು ಅವುಗಳೊಡನೆ ಕೂಡುವುದಿಲ್ಲ, ಅವುಗಳ ಆಹಾರವನ್ನು ಮುಟ್ಟುವುದೂ ಇಲ್ಲ. ಇವುಗಳಿಗೆ ಮೀನೇ ಬೇಕು, ಅದರಲ್ಲೂ ಚಿನೂಕ್ ಎಂಬ ದೊಡ್ಡ ಸಾಲ್ಮನ್ ಮೀನು.

1995ರಲ್ಲಿ ಇವುಗಳ ಸಂಖ್ಯೆ 98 ಇತ್ತು. 2024ರ ಜುಲೈ ಎಣಿಕೆಯಲ್ಲಿ ಸಿಕ್ಕವು 73. ನದಿಗಳಿಗೆ ಅಣೆಕಟ್ಟು ಬಿದ್ದು ಚಿನೂಕ್ ಕಡಿಮೆಯಾಯಿತು. ಹಸಿದ ಓರ್ಕಾ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವಾಗ, ಅದರಲ್ಲಿ ಸೇರಿಕೊಂಡಿದ್ದ ಕಾರ್ಖಾನೆಯ ವಿಷಗಳು ರಕ್ತಕ್ಕೂ ಮರಿ ಕುಡಿಯುವ ಹಾಲಿಗೂ ಇಳಿಯುತ್ತವೆ. ಇದರ ಮೇಲೆ ಹಡಗುಗಳ ಸದ್ದು. ಓರ್ಕಾ ತಾನು ಹೊರಡಿಸಿದ ದನಿಯ ಮರುದನಿಯಿಂದಲೇ ಮೀನನ್ನು ಗುರುತಿಸುತ್ತದೆ. ವ್ಯಾಂಕೂವರ್ ಬಂದರಿಗೆ ಹೋಗಿಬರುವ ಭಾರಿ ಹಡಗುಗಳ ಗದ್ದಲದಲ್ಲಿ ಆ ಮರುದನಿ ಮುಳುಗಿಹೋದರೆ, ಮೀನು ಎದುರಿಗಿದ್ದರೂ ಹೊಟ್ಟೆ ತುಂಬದು.

2018ರ ಜುಲೈಯಲ್ಲಿ ಜೆ ಬಳಗದ ತಹ್ಲೆಕ್ವಾ ಎಂಬ ತಾಯಿಯ ಮರಿ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಸತ್ತಿತು. ಅವಳು ಅದನ್ನು ಮುಳುಗಲು ಬಿಡದೆ ಹಣೆಯ ಮೇಲೆ ಹೊತ್ತು 17 ದಿನ ಈಜಿದಳು. ಆ ವರ್ಷದ ಆಗಸ್ಟ್ 30ರಂದು ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ತ್ಸ್ಲೇಲ್ ವಾಟುತ್ ಮೊದಲಾದ ಮೂಲನಿವಾಸಿಗಳ ದಾವೆಯಲ್ಲಿ, ಟ್ರಾನ್ಸ್ ಮೌಂಟನ್ ತೈಲ ಕೊಳವೆಮಾರ್ಗದ ವಿಸ್ತರಣೆಗೆ ಸಿಕ್ಕಿದ್ದ ಒಪ್ಪಿಗೆಯನ್ನು ರದ್ದುಮಾಡಿತು. ಮೂಲನಿವಾಸಿಗಳೊಡನೆ ಸರಿಯಾದ ಸಮಾಲೋಚನೆ ನಡೆದಿರಲಿಲ್ಲ, ತೈಲ ಹಡಗುಗಳಿಂದ ಓರ್ಕಾಗಳಿಗೆ ಆಗುವ ಹಾನಿಯನ್ನು ತೂಗಿ ನೋಡಿರಲಿಲ್ಲ ಎಂಬುದು ಅದರ ಕಾರಣ. ಮರುವರ್ಷ ಸರಕಾರ ಮತ್ತೆ ಒಪ್ಪಿಗೆ ನೀಡಿತು. 2024ರ ಮೇ 1ರಿಂದ ಹೊಸ ಕೊಳವೆಯಲ್ಲಿ ತೈಲ ಹರಿಯುತ್ತಿದೆ. ತಿಂಗಳಿಗೆ ಸುಮಾರು 5 ತೈಲ ಹಡಗುಗಳು ಬರುತ್ತಿದ್ದ ದಕ್ಕೆಗೆ ಈಗ 34ರವರೆಗೆ ಬರಲು ಎಡೆಯಿದೆ. ಅವು ತಿರುಗುವ ದಾರಿ ಇದೇ ಜಲಸಂಧಿ.

ತೈಲ ಚೆಲ್ಲಿದರೆ ಏನಾಗುವುದೆಂಬುದಕ್ಕೆ ಅಲಾಸ್ಕಾದ ಕಡಲು ಸಾಕ್ಷಿ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ತೈಲ ಸುರಿದಾಗ, ಅಲ್ಲಿ 22 ಓರ್ಕಾಗಳ ಒಂದು ಸಣ್ಣ ಬಳಗವಿತ್ತು. ಅದು 7ಕ್ಕೆ ಇಳಿಯಿತು. ಅನಂತರ ಅದರಲ್ಲಿ ಒಂದು ಮರಿಯೂ ಹುಟ್ಟಿಲ್ಲ. ಆ ಬಳಗದ ಕೂಗುಗಳನ್ನು ಕಲಿಯಲು ಇನ್ನು ಯಾರೂ ಬರಲಾರರು.

ಹಾರೋದಲ್ಲಿ ಮಾತ್ರ ದಾರಿಯೆಲ್ಲ ಮುಚ್ಚಿಲ್ಲ. 2017ರಿಂದ ಓರ್ಕಾಗಳು ಬರುವ ಋತುವಿನಲ್ಲಿ ಅನೇಕ ಹಡಗುಗಳು ಸ್ವಇಚ್ಛೆಯಿಂದ ವೇಗ ತಗ್ಗಿಸುತ್ತಿವೆ. ವೇಗ ಇಳಿದರೆ ಸದ್ದೂ ಇಳಿಯುತ್ತದೆ. 2025ರಿಂದ ವಾಷಿಂಗ್ಟನ್ನಿನ ನೀರಿನಲ್ಲಿ ದೋಣಿಗಳು ಈ ಬಳಗಗಳಿಂದ ಸಾವಿರ ಗಜ ದೂರವಿರಬೇಕೆಂಬ ಕಾನೂನಿದೆ. ಅದೇ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದ ಮೇಲೆ, ಒಂದು ಶತಮಾನದಿಂದ ತಡೆದಿದ್ದ ಮೇಲ್ಹರಿವಿಗೆ ಚಿನೂಕ್ ಮತ್ತೆ ಏರಿತು. ಮನುಷ್ಯನು ಕಟ್ಟಿದ್ದನ್ನು ಮನುಷ್ಯನೇ ಬಿಚ್ಚಬಲ್ಲನೆಂಬುದಕ್ಕೆ ಅದು ನಿದರ್ಶನ.

ಸುಣ್ಣದ ಗೂಡಿನ ಮೊನೆಯ ಬಳಿ ನೀರಿನಡಿಯಲ್ಲಿ ಹೈಡ್ರೋಫೋನ್ ಎಂಬ ಧ್ವನಿಗ್ರಾಹಕವನ್ನು ಇರಿಸಿದ್ದಾರೆ. ಹಡಗು ಹಾದುಹೋಗುವಾಗ ಅದರಲ್ಲಿ ಎಂಜಿನ್ನಿನ ಮೊರೆತ ತುಂಬಿಕೊಳ್ಳುತ್ತದೆ. ಹಡಗು ದೂರ ಸರಿದು ಸದ್ದು ಅಡಗಿದ ಮೇಲೆ, ಅದೃಷ್ಟವಿದ್ದ ದಿನ, ಒಂದು ಕೂಗು ಕೇಳುತ್ತದೆ. ಅದಕ್ಕೆ ಮರುಕೂಗು ಬರುತ್ತದೆ. ಕೆಲವೇ ಜೀವಗಳು ಆಡುವ ನುಡಿ ಅದು. ಆಡುವವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಷ್ಟು ಕಾಲ ಅದು ಉಳಿಯುತ್ತದೆ.