ಶಿವಬಸವ ನಗರದಿಂದ ಭೈರವಿಯವರೆಗೆ

ಸಂಜೆ ಐದೂವರೆಯ ಹೊತ್ತಿಗೆ ಬೆಳಗಾವಿಯ ಶಿವಬಸವ ನಗರದ ರಸ್ತೆಗಳಲ್ಲಿ ಬೆನ್ನಿಗೆ ಚೀಲ ಹೊತ್ತ ಹುಡುಗ ಹುಡುಗಿಯರದೇ ಓಡಾಟ. ಕಾಲೇಜು ಬಿಟ್ಟವರು, ಟ್ಯೂಷನ್ನಿಗೆ ಹೊರಟವರು, ಹಾಸ್ಟೆಲ್ಲಿನ ಊಟಕ್ಕೆ ಇನ್ನೂ ಹೊತ್ತಿದೆಯೆಂದು ಚುರಮುರಿ ಗಾಡಿಯ ಮುಂದೆ ನಿಂತವರು. ಅದೇ ರಸ್ತೆಯಲ್ಲಿ ಹೆಗಲಿಗೆ ಶಾಲು ಹಾಕಿಕೊಂಡ ನಾಲ್ಕಾರು ಹಿರಿಯರು ನೆಹರೂ ನಗರದ ಕಡೆಗೆ ನಿಧಾನವಾಗಿ ನಡೆದಿದ್ದರೆ, ಅಂದು ಕುಮಾರ ಗಂಧರ್ವ ರಂಗಮಂದಿರದಲ್ಲಿ ಗಾಯನವೋ ವಾದನವೋ ಇದೆಯೆಂದು ಊಹಿಸಬಹುದು. ಎರಡೂ ಗುಂಪುಗಳು ಎದುರಾಗುತ್ತವೆ, ದಾಟಿ ಹೋಗುತ್ತವೆ. ಒಂದೇ ಬಾಗಿಲಿನಿಂದ ಒಳಗೆ ಹೋಗುವುದು ಅಪರೂಪ.

ಚಳಿಗಾಲದಲ್ಲಿ ಈ ಊರಿನಲ್ಲಿ ಕಛೇರಿಗಳು ಒತ್ತೊತ್ತಾಗಿ ಬರುತ್ತವೆ. ಒಮ್ಮೊಮ್ಮೆ ಒಂದೇ ವಾರದಲ್ಲಿ ಮೂರು ನಾಲ್ಕು. ರಂಗಮಂದಿರ ನಡೆದು ಹೋಗುವಷ್ಟು ದೂರ; ಕೆ.ಎಲ್.ಇ. ಆವರಣದ ಜೀರಗೆ ಸಭಾಭವನವೂ ಆ ಬದಿಗೇ ಇದೆ. ಹಳೆಯ ಊರಿನ ಕೊನ್ವಾಳ ಗಲ್ಲಿಯ ಲೋಕಮಾನ್ಯ ರಂಗಮಂದಿರಕ್ಕೆ ಮಾತ್ರ ಬಸ್ಸೋ ಆಟೊವೋ ಬೇಕು. ಆರ್ಟ್ಸ್ ಸರ್ಕಲ್‌ನಂಥ ಸಂಸ್ಥೆಗಳು ದಶಕಗಳಿಂದ ಇಲ್ಲಿ ಸಂಗೀತವನ್ನು ಏರ್ಪಡಿಸುತ್ತ ಬಂದಿವೆ. ಎಷ್ಟೋ ಕಛೇರಿಗಳಿಗೆ ಟಿಕೆಟ್ಟೂ ಇರುವುದಿಲ್ಲ. ಇಷ್ಟಿದ್ದೂ ಹತ್ತನೆಯ ತರಗತಿ ಬಂತೆಂದರೆ ಮಕ್ಕಳ ಸಂಗೀತದ ಕ್ಲಾಸನ್ನು ಮೊದಲು ಬಿಡಿಸುವುದು ನಮ್ಮ ಮನೆಗಳ ವಾಡಿಕೆ. ಬಿಡದೆ ಕಲಿತವರಲ್ಲೂ ಒಂದು ವಿಚಿತ್ರವಿದೆ. ಸಂಗೀತದ ಪರೀಕ್ಷೆಗಳ ಎರಡು ಮೂರು ಸರ್ಟಿಫಿಕೇಟು ಗೋಡೆಯ ಮೇಲಿರುತ್ತವೆ, ಆದರೆ ಪೂರ್ಣ ಕಛೇರಿ ಒಂದನ್ನೂ ಕೂತು ಕೇಳಿರುವುದಿಲ್ಲ. ಈಜಿನ ಥಿಯರಿಯಲ್ಲಿ ಪಾಸಾಗಿ ಕೆರೆ ನೋಡದವರಂತೆ!

ಹಾಗಾದರೆ ಸಂಗೀತ ತಿಳಿಯದ ವಿದ್ಯಾರ್ಥಿ ಇಂಥ ಒಂದು ವಾರವನ್ನು ಕಳೆಯುವುದು ಹೇಗೆ? ರಾಗದ ಹೆಸರು ಗುರುತಿಸಬೇಕೆಂಬ ಹಟವನ್ನು ಮೊದಲ ದಿನವೇ ಮನೆಯಲ್ಲಿ ಬಿಟ್ಟು ಬರುವುದು ಒಳ್ಳೆಯದು. ಪಕ್ಕದ ಕುರ್ಚಿಯ ಹಿರಿಯರು "ಪೂರಿಯಾ" ಎಂದು ಪಿಸುಗುಟ್ಟಿದರೆ, ಹಿಂದಿನವರು "ಅಲ್ಲ, ಮಾರ್ವಾ" ಎನ್ನುತ್ತಾರೆ. ಅವರಿಗೇ ಒಮ್ಮತವಿಲ್ಲದ ವಿಷಯಕ್ಕೆ ಹೊಸಬರೇಕೆ ತಲೆ ಕೆಡಿಸಿಕೊಳ್ಳಬೇಕು? ಅದರ ಬದಲು ಒಂದೊಂದು ಸಂಜೆ ಕಿವಿಗೆ ಒಂದೇ ಒಂದು ಕೆಲಸ ಕೊಡಬೇಕು.

ಮೊದಲ ಸಂಜೆ ತಂಬೂರಿಗೆ. ಇದಕ್ಕಾಗಿ ಅರ್ಧ ಗಂಟೆ ಮುಂಚೆಯೇ ಹೋಗಬೇಕು. ಕಲಾವಿದರು ತಂತಿ ಮೇಳವಿಸುವ ಹೊತ್ತನ್ನು ಜನ ಚಹಾ ಕುಡಿಯುವುದಕ್ಕೆ ಬಳಸುತ್ತಾರೆ. ಅದು ನಷ್ಟದ ಬಾಬತ್ತು. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಒಂದು ಪಂಚಮಕ್ಕೆ ಅಥವಾ ಮಧ್ಯಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಒಂದು ಸ್ಥಾಯಿ ಕೆಳಗಿನ ಖರ್ಜಕ್ಕೆ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಸ್ಪಷ್ಟವಾದ ಗಾಂಧಾರ ಕೇಳಿಸುತ್ತದೆ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಮಾಯವೇನಲ್ಲ. ಮಿಡಿದ ತಂತಿ ತನ್ನ ಮೂಲ ಕಂಪನದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದರಷ್ಟು ಆವೃತ್ತಿಯಲ್ಲೂ ಕಂಪಿಸುತ್ತದೆ. ಆ ಐದನೆಯದೇ ಗಾಂಧಾರ. ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮಲಗಿರುವುದು ಇಲ್ಲಿ ಎದ್ದು ಕೂತಿರುತ್ತದೆ.

ತಂಬೂರಿಯ ಕುದುರೆಯನ್ನೂ ನೋಡಬೇಕು. ಗಿಟಾರಿನಂತೆ ಚೂಪಾಗಿಲ್ಲ, ಅಗಲವಾಗಿ, ತುಸು ಬಾಗಿದೆ. ತಂತಿ ಅದರ ಮೈ ಸವರುತ್ತ ಕಂಪಿಸುತ್ತದೆ. ತಂತಿಯ ಕೆಳಗೆ ಒಂದು ಎಳೆ ನೂಲು ಇಟ್ಟು, ಕೂದಲಿನಷ್ಟು ಹಿಂದೆ ಮುಂದೆ ಸರಿಸಿದರೆ 'ಜವಾರಿ' ತೆರೆದುಕೊಂಡು ನಾದ ಝೇಂಕರಿಸುತ್ತದೆ. ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿ ವಾದ್ಯಗಳ ಬಗ್ಗೆ ಬರೆದ ಲೇಖನದಲ್ಲಿ ಈ ಕುದುರೆಯ ಗುಣವನ್ನೇ ಎತ್ತಿ ಹೇಳಿದ್ದರು. ಬೇರೆ ವಾದ್ಯಗಳಲ್ಲಿ ಹುಟ್ಟಬಾರದ ಮೇಲಿನ ಸ್ವರಗಳು ಇಲ್ಲಿ ಹುಟ್ಟುತ್ತವೆಂಬುದು ಅವರ ಬೆರಗು. ಈ ಭಾಗದ ಕಛೇರಿಗಳಲ್ಲಿ ಕಾಣುವ ತಂಬೂರಿಗಳಲ್ಲಿ ಹೆಚ್ಚಿನವು ಮಿರಜಿನವು. ಬೆಳಗಾವಿಯಿಂದ ರೈಲು ಹತ್ತಿದರೆ ಕೆಲವು ಗಂಟೆಗಳ ದಾರಿ. ಅಲ್ಲಿ ಕುಂಬಳದಂಥ ಒಣ ಬುರುಡೆಗೆ ಮರದ ಕಾಂಡ ಕೂಡಿಸಿ ವಾದ್ಯ ಮಾಡುವ ಕಸುಬು ತಲೆಮಾರುಗಳಿಂದ ನಡೆದು ಬಂದಿದೆ.

ಎರಡನೆಯ ಸಂಜೆ ತಬಲಾಕ್ಕೆ ಕಿವಿ ಕೊಡಬಹುದು. ಸುತ್ತಿಗೆಯಿಂದ ಮರದ ಗಟ್ಟೆಗಳನ್ನು ಮೇಲೆ ಕೆಳಗೆ ಬಡಿಯುವುದು ಚಟವಲ್ಲ. ಬೆಳಗಾವಿಯ ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗುತ್ತದೆ, ವೇದಿಕೆಯ ದೀಪಗಳ ಕಾವಿಗೆ ಬಿಗಿಯಾಗುತ್ತದೆ. ಹಾಗಾಗಿ ನಡುನಡುವೆ ಶ್ರುತಿ ತಿದ್ದಲೇಬೇಕು. ಸಾದಾ ಚರ್ಮದ ಡೋಲು ಗದ್ದಲ ಮಾಡುತ್ತದೆ, ತಬಲಾ ಹಾಡುತ್ತದೆ. ನಡುವಿನ ಕಪ್ಪು ಶಾಯಿಯ ಭಾರವೇ ಇದಕ್ಕೆ ಕಾರಣ. ಅದರಿಂದ ಮೇಲಿನ ಸ್ವರಗಳು ಒಂದಕ್ಕೆ ಎರಡು, ಮೂರು, ನಾಲ್ಕು ಎಂಬ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ಇದನ್ನೂ ರಾಮನ್ 1920ರಷ್ಟು ಹಿಂದೆಯೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಅವರಿಗೆ ನೊಬೆಲ್ ಬಂದದ್ದು ಹತ್ತು ವರ್ಷಗಳ ಅನಂತರ, ಬೇರೆ ಕೆಲಸಕ್ಕೆ.

ತಾಳ ಎಣಿಸುವುದು ಅದರ ಮುಂದಿನ ಹೆಜ್ಜೆ. ವಿಲಂಬಿತ ಏಕತಾಳಕ್ಕೆ ಹನ್ನೆರಡೇ ಮಾತ್ರೆ. ಆದರೆ ಒಂದು ಸುತ್ತು ಮುಗಿಯಲು ಒಮ್ಮೊಮ್ಮೆ ಮುಕ್ಕಾಲು ನಿಮಿಷ ಬೇಕು. ಹಾಡುವವರು ಎಲ್ಲೆಲ್ಲೋ ಸುತ್ತಿ ಸರಿಯಾಗಿ 'ಸಮ್'ಗೆ ಬಂದು ಕೂತಾಗ ಸಭೆಯ ತಲೆಗಳೆಲ್ಲ ಒಮ್ಮೆಗೇ ಬಾಗುತ್ತವೆ. ತಾನೂ ಅದೇ ಕ್ಷಣಕ್ಕೆ ತಲೆ ಹಾಕಿದೆನೆಂದು ಗೊತ್ತಾದ ವಿದ್ಯಾರ್ಥಿಯ ಮುಖ ನೋಡಬೇಕು.

ಇನ್ನು ಹಾರ್ಮೋನಿಯಂ. ಬೆಳಗಾವಿಯಲ್ಲಿ ಕೂತು ಈ ಪೆಟ್ಟಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಪಂ. ರಾಮಭಾವು ಬಿಜಾಪುರೆಯವರು ಹಾರ್ಮೋನಿಯಂ ನುಡಿಸುತ್ತ, ಕಲಿಸುತ್ತ ಬಾಳಿದ ಊರಿದು. 1917ರಲ್ಲಿ ಹುಟ್ಟಿದ ಅವರು 2010ರಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿದ್ದರು. ಹೆಸರಾಂತ ಗಾಯಕರ ಹಲವು ತಲೆಮಾರುಗಳಿಗೆ ಅವರು ಸಾಥ್ ಕೊಟ್ಟರು. ಅವರ ಶಾಲೆಯಲ್ಲಿ ಕಲಿತವರು ಊರಿನ ಗಲ್ಲಿಗಲ್ಲಿಗಳಲ್ಲಿದ್ದಾರೆ. ಆದರೆ ಅವರು ಏರುಪ್ರಾಯದಲ್ಲಿದ್ದ ಕಾಲದಲ್ಲಿ ಇದೇ ವಾದ್ಯಕ್ಕೆ ಆಕಾಶವಾಣಿಯ ಬಾಗಿಲು ಮುಚ್ಚಿತ್ತು. 1940ರಲ್ಲಿ ಹಾಕಿದ ನಿಷೇಧ ಸುಮಾರು ಮೂರು ದಶಕ ನಡೆಯಿತು. ಧಾರವಾಡದ ನಿಲಯ 1950ರಲ್ಲಿ ತೆರೆದಾಗಲೂ ಹಾರ್ಮೋನಿಯಂ ಹೊರಗೇ.

ವಿರೋಧಿಗಳ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಲೆಕ್ಕ ಸರಳ. ಷಡ್ಜ ಸೆಕೆಂಡಿಗೆ 240 ಕಂಪನವಿದ್ದರೆ ತಂಬೂರಿಯ ಸ್ವಯಂಭೂ ಗಾಂಧಾರದ ಅಳತೆಗೆ ಗಾಂಧಾರ 300. ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ ಹಾರ್ಮೋನಿಯಂನಲ್ಲಿ ಅದು 302ಕ್ಕೂ ತುಸು ಹೆಚ್ಚು. ಎರಡನ್ನೂ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಎರಡು ಮೂರು ಸಲ ನಾದ ಏರಿ ಇಳಿಯುತ್ತದೆ. ಪಠ್ಯದಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು. ಅದಕ್ಕೇ ಎಷ್ಟೋ ವಾದಕರು ಪಟ್ಟಿಗಳನ್ನು ಕೆರೆಸಿ ತಮಗೆ ಬೇಕಾದಂತೆ ಶ್ರುತಿ ಮಾಡಿಸಿಕೊಳ್ಳುತ್ತಾರೆ. ಜೊತೆಗೆ, ದರಬಾರಿಯ ಕೋಮಲ ಗಾಂಧಾರ ತೂಗಾಡುವಂತೆ ಪೆಟ್ಟಿಗೆಯ ಸ್ವರ ತೂಗಲಾರದು. ಒಳ್ಳೆಯ ಸಾಥಿದಾರರು ಅಲ್ಲಿ ಏನು ಮಾಡುತ್ತಾರೆಂಬುದನ್ನು ಕಿವಿಯಿಟ್ಟು ಕೇಳಬೇಕು. ಅವರು ಆ ಸ್ವರವನ್ನು ಒತ್ತುವುದೇ ಕಡಿಮೆ. ಬದಿಯ ಸ್ವರಗಳನ್ನು ಮುಟ್ಟಿ, ನಡುವಿನದನ್ನು ಗಾಯಕರಿಗೆ ಬಿಟ್ಟುಕೊಡುತ್ತಾರೆ. ನುಡಿಸದೆ ಬಿಡುವ ಈ ವಿದ್ಯೆ ಬೆರಳಿನ ವೇಗಕ್ಕಿಂತ ದೊಡ್ಡದು. ಚಪ್ಪಾಳೆ ಮಾತ್ರ ವೇಗಕ್ಕೇ ಬೀಳುತ್ತದೆ.

ಕಛೇರಿ ಇಲ್ಲದ ಒಂದು ದಿನ ಸುಳೇಭಾವಿಗೆ ಹೋಗಿ ಬರಬಹುದು. ನೇಕಾರಿಕೆಗೂ ಮಹಾಲಕ್ಷ್ಮಿ ಗುಡಿಗೂ ಹೆಸರಾದ ಈ ಊರು ತಾಲ್ಲೂಕಿನೊಳಗೇ ಇದೆ. 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಹುಟ್ಟಿದ್ದು ಇಲ್ಲಿ. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ್ದನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದ ಆ ಹುಡುಗನಿಗೆ ಸ್ವಾಮಿಗಳೊಬ್ಬರು ಕೊಟ್ಟ ಬಿರುದೇ ಕುಮಾರ ಗಂಧರ್ವ. ಮುಂದೆ ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಶಿಕ್ಷಣ, ಇಪ್ಪತ್ತರೊಳಗೇ ದೇಶವೆಲ್ಲ ಹೆಸರು. ಆಮೇಲೆ ಕ್ಷಯ. 1948ರಲ್ಲಿ ಒಣ ಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡುವುದಿರಲಿ, ಗಟ್ಟಿಯಾಗಿ ಮಾತಾಡುವುದಕ್ಕೂ ವೈದ್ಯರ ತಡೆ. ಮಣ್ಣಿನ ಸೂಕ್ಷ್ಮಜೀವಿಯಿಂದ 1943ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್ ಆಗಷ್ಟೇ ಭಾರತಕ್ಕೆ ಬರತೊಡಗಿತ್ತು. ಅದು ಅವರನ್ನು ಉಳಿಸಿತು. ಆ ಐದಾರು ವರ್ಷ ಹಾಸಿಗೆಯಲ್ಲಿ ಮಲಗಿ ಅವರು ಮಾಡಿದ ಕೆಲಸ ಒಂದೇ: ಕೇಳುವುದು. ಬೀದಿಯಲ್ಲಿ ಹಾದುಹೋಗುವ ಮಾಳವದ ಹೆಂಗಸರ ಹಾಡು, ಭಿಕ್ಷುಕರ ನಿರ್ಗುಣ ಭಜನೆ. ಎದ್ದ ಮೇಲೆ ಹೆಚ್ಚುಕಡಿಮೆ ಒಂದೇ ಶ್ವಾಸಕೋಶದ ಬಲದಲ್ಲಿ, ಚಿಕ್ಕ ಚಿಕ್ಕ ಉಸಿರಿನ ತುಣುಕುಗಳಲ್ಲಿ ಹಾಡಿದರು. ಅದೇ ಅವರ ಶೈಲಿಯಾಯಿತು. 1992ರಲ್ಲಿ ಅವರು ತೀರಿಕೊಂಡದ್ದೂ ದೇವಾಸದಲ್ಲೇ. ನೆಹರೂ ನಗರದ ರಂಗಮಂದಿರದ ಹೆಸರನ್ನು ದಿನವೂ ಬಸ್ಸಿನಿಂದ ಓದುವ ಮಕ್ಕಳಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ಬಿಡುವಿದ್ದರೆ ಟಿಳಕವಾಡಿಯ ವೀರಸೌಧವನ್ನೂ ಸೇರಿಸಿಕೊಳ್ಳಬಹುದು. ಕುಮಾರರು ಹುಟ್ಟಿದ ವರ್ಷದ ಡಿಸೆಂಬರಿನಲ್ಲೇ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಅಲ್ಲಿ ನಡೆಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಆ ಸಭೆಯಲ್ಲಿ. ಹಾಡಿದ ಮಕ್ಕಳಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು.

ಪಾಲಕರ ಚಿಂತೆ ಸಮಯದ್ದು. ಆರಕ್ಕೆಂದು ಅಚ್ಚಾದದ್ದು ಆರೂವರೆಗೆ, ಭಾಷಣಗಳಿದ್ದರೆ ಏಳಕ್ಕೆ ಶುರುವಾಗುತ್ತದೆ ಎಂಬ ದೂರು ನಿಜ. ಮಕ್ಕಳು ಬರಲಿ ಎನ್ನುವ ಸಂಘಟಕರು ಮೊದಲು ಹಾರ ತುರಾಯಿಗಳನ್ನು ಕಡಿಮೆ ಮಾಡಬೇಕು. ಖಾನಾಪುರದಿಂದ ಬರುವ ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. ಇಪ್ಪತ್ತಾರು ಕಿಲೋಮೀಟರ್ ದೂರದ ಊರಿಗೆ ರಾತ್ರಿಯ ಬಸ್ಸು ಹಿಡಿಯಬೇಕಾದವರು ಛೋಟಾ ಖ್ಯಾಲ್ ಮುಗಿಯುವ ಮುನ್ನವೇ ಗಡಿಯಾರ ನೋಡತೊಡಗುತ್ತಾರೆ. ಅಂಥವರು ಬಾಗಿಲ ಬದಿಯ ಕುರ್ಚಿ ಹಿಡಿದು, ಒಂದು ರಾಗ ಮುಗಿದು ಚಪ್ಪಾಳೆ ಬೀಳುವಾಗ ಎದ್ದರೆ ಯಾರಿಗೂ ಬೇಸರವಿಲ್ಲ. ಆಲಾಪದ ನಡುವೆ ಮಾತ್ರ ಏಳಬಾರದು. ಇವರಿಗೆ ಹೇಳಿ ಮಾಡಿಸಿದ್ದು ಭಾನುವಾರದ ಬೆಳಗಿನ ಕಛೇರಿ. ಸಂಜೆಯ ಸಭೆಗಳಲ್ಲಿ ಯಮನ್, ಬಾಗೇಶ್ರೀ, ಮಾಲಕಂಸಗಳೇ ಮತ್ತೆ ಮತ್ತೆ ಬರುತ್ತವೆ. ತೋಡಿ, ಭೈರವಗಳನ್ನು ಎದುರು ಕೂತು ಕೇಳುವ ಭಾಗ್ಯ ಬೆಳಗ್ಗೆ ಎದ್ದವರಿಗೆ ಮಾತ್ರ.

ವಾರದ ಕೊನೆಯ ಸಂಜೆ ಕಿವಿಗೆ ಯಾವ ಕೆಲಸವನ್ನೂ ಕೊಡಬೇಕಾಗಿಲ್ಲ. ಸುಮ್ಮನೆ ಕೂತರಾಯಿತು. ನಾಟ್ಯಗೀತೆಯೋ ವಚನವೋ ಅಭಂಗವೋ ಬರುತ್ತದೆ. ಕನ್ನಡ, ಮರಾಠಿ ಎರಡಕ್ಕೂ ಒಂದೇ ಸಭೆ ಒಂದೇ ತಲೆದೂಗು. ಕೊನೆಗೆ ಭೈರವಿ. ದೀಪಗಳು ಹತ್ತುತ್ತವೆ, ತಂಬೂರಿಗಳಿಗೆ ಗವಸು ಬೀಳುತ್ತದೆ, ಹಾರ್ಮೋನಿಯಂ ಪೆಟ್ಟಿಗೆ ಸೇರುತ್ತದೆ. ಹಿರಿಯರು ಶಾಲು ಸರಿಪಡಿಸಿಕೊಂಡು ನಡೆಯುತ್ತಾರೆ. ಅವರ ಹಿಂದೆ ಬೆನ್ನಿಗೆ ಚೀಲ ಹೊತ್ತ ಇಬ್ಬರೋ ಮೂವರೋ ಹುಡುಗರು. ಶಿವಬಸವ ನಗರದ ರಸ್ತೆಗಳು ಅಷ್ಟು ಹೊತ್ತಿಗೆ ಖಾಲಿ. ತಿರುವಿನ ಟ್ರಾನ್ಸ್‌ಫಾರ್ಮರ್ ಎಂದಿನಂತೆ ಸೆಕೆಂಡಿಗೆ ನೂರು ಕಂಪನದಲ್ಲಿ ಗುಂಯ್ಗುಡುತ್ತಿರುತ್ತದೆ. ವಾರವೆಲ್ಲ ತಂಬೂರಿ ಕೇಳಿದ ಕಿವಿಗೆ ಅದು ಷಡ್ಜವೆನಿಸಿ, ಒಬ್ಬ ಹುಡುಗ ಅಲ್ಲೇ ನಿಂತು ಮೆಲ್ಲನೆ ಪಂಚಮ ಹಿಡಿದು ನೋಡುತ್ತಾನೆ.