ಹಿಂದಕ್ಕೆ ಹರಿಯುವ ಹೊಳೆ

ನದಿಗಳೆಲ್ಲವೂ ಸಮುದ್ರಾಭಿಮುಖವಾಗಿ ಹರಿಯುವುವೆಂಬುದು ನಾವು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಹೇಳಿಕೊಟ್ಟ ಪಾಠ. ಅದನ್ನು ತಿದ್ದಿಕೊಳ್ಳುವುದಕ್ಕೆ ನಮಗೆ ಒಂದು ಗುಡ್ಡವನ್ನೇರಬೇಕಾಯಿತು.

ಹೊನ್ನಾವರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಕರ್ಕಿಯೆಂಬ ಗ್ರಾಮವಿರುವುದಷ್ಟೆ. ಯಕ್ಷಗಾನಪ್ರಿಯರಿಗೆ ಅದು ಹಾಸ್ಯಗಾರ ಮನೆತನದಿಂದ ಪರಿಚಿತವಾದುದು. ಆದರೆ ಆ ಊರಿನ ಬಡಗಣಿ ಹೊಳೆಯ ಹೆಸರನ್ನು ಹೊರಗಿನವರು ಕೇಳಿರುವುದು ಅಪರೂಪ. ಅಂಬುತೀರ್ಥದಲ್ಲಿ ರಾಮಬಾಣದಿಂದ ಉದಿಸಿತೆಂದು ಹೇಳುವ, ಜೋಗದಲ್ಲಿ ಧುಮುಕಿ ಬರುವ ಶರಾವತಿ ಪಕ್ಕದಲ್ಲಿಯೇ ಕಡಲನ್ನು ಸೇರುವಾಗ ಈ ಸಣ್ಣ ಹೊಳೆಯನ್ನು ಗಮನಿಸುವವರಾರು?

ಕಳೆದ ಮಾಘಮಾಸದ ಹುಣ್ಣಿಮೆಯ ಮರುದಿನ, ಬುತ್ತಿಯನ್ನೂ ಮಜ್ಜಿಗೆಯನ್ನೂ ಕಟ್ಟಿಕೊಂಡು, ಮೊಮ್ಮಗನ ಕೈ ಹಿಡಿದು ನಾವು ಬೆಳಗಿನ ಎಂಟು ಗಂಟೆಗೆ ಹೊರಟೆವು. ದಾರಿ ದೂರದ್ದಲ್ಲ. ತೆಂಗಿನ ತೋಟಗಳನ್ನು ದಾಟಿ, ಗೇರುಮರಗಳ ನಡುವಣ ಕಾಲುದಾರಿಯಲ್ಲಿ ಏರಿದರೆ ಚಿರೆಕಲ್ಲಿನ ಬೋಳುನೆತ್ತಿ ಸಿಕ್ಕುವುದು. ನಮ್ಮ ಮೊಣಕಾಲುಗಳ ನಿಮಿತ್ತ ಮೂರು ಕಡೆ ಕುಳಿತು ಮೇಲೆ ಸೇರುವಾಗ ಒಂಬತ್ತು ಮೀರಿತ್ತು.

ಪಶ್ಚಿಮಕ್ಕೆ ಕಡಲು, ಮರಳದಂಡೆ. ಕೆಳಗೆ ಕಾಂಡ್ಲಾ ಗಿಡಗಳ ಹಸುರಂಚಿನ ನಡುವೆ ಬಡಗಣಿಯ ಬಾಗು. ನಾವು ಕಣ್ಣು ತುಂಬ ನೋಡುತ್ತಿದ್ದಂತೆಯೇ ಮೊಮ್ಮಗನು, "ಅಜ್ಜಾ, ಆ ತೆಂಗಿನ ಹೆಡೆ ಘಟ್ಟದ ಕಡೆಗೆ ತೇಲಿ ಹೋಗುತ್ತಿದೆಯಲ್ಲ!" ಎಂದನು. ಹೌದು. ಉಬ್ಬರವು ಏರುತ್ತಿದ್ದಿತು. ಹೊಳೆಯು ಕಡಲಿಗೆ ಬೆನ್ನು ಮಾಡಿ ಮೂಡಲಿಗೆ ಹರಿಯುತ್ತಿದ್ದಿತು.

ನಮ್ಮ ಮುಖ ಕಂದಿತು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಒಬ್ಬ ಮೀನುಗಾರರ ಹುಡುಗನು ತರಗತಿಯಲ್ಲಿ ಎದ್ದುನಿಂತು, "ಮಾಸ್ತರ್ರೆ, ನಮ್ಮ ಹೊಳೆ ಎರಡೂ ಕಡೆಗೆ ಹರೀತದೆ" ಎಂದಿದ್ದನು. ಉದ್ಧಟತನವೆಂದು ಬಗೆದು ನಾವು ಅವನಿಗೆ ಬೆತ್ತದಿಂದ ಹೊಡೆದೆವು. ಆ ವಾರವೇ ಅವನು ಶಾಲೆಯನ್ನು ಬಿಟ್ಟನು.

ನಮಗೆ ತಿಳಿಯದ ವಿಷಯವೇ ಅದು? ಚಂದ್ರಸೂರ್ಯರ ಸೆಳೆತದಿಂದ ಈ ಕರಾವಳಿಯಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುವುದೆಂದೂ, ಮರುದಿನ ಅದು ಸುಮಾರು 50 ನಿಮಿಷ ತಡವಾಗುವುದೆಂದೂ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆಚ್ಚುವುದೆಂದೂ ಓದಿದ್ದೆವು. ಅಮರಕೋಶದಲ್ಲಿ 'ವೇಲಾ' ಶಬ್ದಕ್ಕೆ ಕಾಲ, ಮೇರೆ ಎಂಬವುಗಳೊಡನೆ ಕಡಲ ನೀರಿನ ವಿಕಾರವೆಂಬ ಅರ್ಥವೂ ಇರುವುದನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆವು. ಕಂಠದಲ್ಲಿದ್ದುದು ಕಣ್ಣಿಗೆ ಬಂದಿರಲಿಲ್ಲ. ಹುಡುಗನಿಗೋ ಅದು ಕಣ್ಣಿನಲ್ಲಿಯೇ ಇದ್ದಿತು.

ಇಳಿಯುವಾಗ ಅವನ ಮನೆಯನ್ನು ಕೇಳಿಕೊಂಡು ಹೋದೆವು. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದವನು ಗಡಬಡಿಸಿ ಎದ್ದು, "ಬನ್ನಿ ಮಾಸ್ತರ್ರೆ" ಎಂದು ಮಣೆಯಿಟ್ಟನು. ನಾವು ವಿಷಯವನ್ನು ಹೇಳಿ, "ತಪ್ಪು ನಮ್ಮದಪ್ಪಾ" ಎಂದೆವು. ಅವನು ತಲೆ ತಗ್ಗಿಸಿ, "ಹೊಡೆದದ್ದು ನೆನಪೇ ಇಲ್ಲ. ಅಪ್ಪನ ದೋಣಿಗೆ ಜನ ಇರಲಿಲ್ಲ, ಅದಕ್ಕೆ ಶಾಲೆ ಬಿಟ್ಟೆ" ಎಂದನು. ಅದು ಸತ್ಯವೋ, ವೃದ್ಧನ ಮೇಲಣ ದಯೆಯೋ ನಾವರಿಯೆವು. ತುಸು ಹೊತ್ತು ಸುಮ್ಮನಿದ್ದು ಅವನೇ, "ಆ ಮಾತು ಮಗಳ ಎದುರಿಗೆ ಒಂದು ಸಲ ಹೇಳಿ ಮಾಸ್ತರ್ರೆ" ಎಂದನು.

ಪುಸ್ತಕ ಹಿಡಿದು ಬಂದ ಆ ಬಾಲೆಯ ಮುಂದೆ, ನಿಮ್ಮ ತಂದೆಯೇ ಸರಿ, ಮಾಸ್ತರೇ ತಪ್ಪು ಎಂದು ನಾವು ಸ್ಪಷ್ಟವಾಗಿ ಹೇಳಿದೆವು. ಅವಳು ತಂದೆಯ ಮುಖವನ್ನು ನೋಡಿದಳು. ಅವನು ಬಲೆಯನ್ನು ನೋಡುತ್ತಿದ್ದನು.

ಗೃಹಸ್ಥರಾದ ವಾಚಕರಲ್ಲಿ ಒಂದು ಬಿನ್ನಹ. ಮಕ್ಕಳನ್ನು ನಿಮ್ಮೂರಿನ ಹೊಳೆಯ ಬಳಿಗೆ, ಹುಣ್ಣಿಮೆಯ ಆಸುಪಾಸಿನ ಬೆಳಗಿನಲ್ಲಿ ಒಮ್ಮೆ ಕರೆದೊಯ್ಯಿರಿ. ಅವರು ಕಂಡುದನ್ನು ಹೇಳುವಾಗ ನಡುವೆ ಬಾಯಿ ಹಾಕದಿರಿ. ನಾವು ಮರಳಿ ಹೆದ್ದಾರಿಯನ್ನು ಸೇರುವಷ್ಟರಲ್ಲಿ ನಡುಹಗಲು ಕಳೆದಿದ್ದಿತು. ಸೇತುವೆಯಿಂದ ನೋಡಿದರೆ ಹೊಳೆಯು ಏನೂ ನಡೆಯದಂತೆ ಮತ್ತೆ ಕಡಲ ಕಡೆಗೆ ತಿರುಗಿದ್ದಿತು.