ಚರಂಡಿ ಕೊನೆ ಎಲ್ಲಿ ಅಂತ ಯಾರು ಕೇಳ್ಬೇಕು?

ಅಕ್ಕಂದಿರೇ, ತಂಗೇರೇ, ಈ ಸಲ ಸಾರು ಪಲ್ಯದ ವಿಷ್ಯ ಅಲ್ಲ, ಬಡಾವಣೆ ವಿಷ್ಯ ಬರೀತಿದೀನಿ. ಅದು ಗಂಡಸರ ಮಾತು ಅಂತ ಬಿಟ್ಟು ಹೋಗ್ಬೇಡಿ. ಸೈಟು ನೋಡಿ ಅಡ್ವಾನ್ಸ್ ಕೊಟ್ಟು ಬರೋರು ಅವರಾದ್ರೂ, ಮಳೆ ಬಂದಾಗ ಬಾಗಿಲಿಗೆ ನುಗ್ಗೋ ಕೊಳಚೆ ನೀರನ್ನ ಪೊರಕೇಲಿ ತಳ್ಳೋರು ನಾವು.

ನಮ್ ಕಡೆ ಈಗ ಊರ ಸುತ್ತ ಎಲ್ಲಿ ನೋಡಿದ್ರೂ ಸೈಟು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಬೆಳೀತಿದ್ದ ಹೊಲದಲ್ಲಿ, ಹಳೇ ಬ್ಯಾರನ್ ಪಕ್ಕದಲ್ಲೇ ಕಲ್ಲು ನೆಟ್ಟಿರ್ತಾರೆ. ಕೆ.ಆರ್. ನಗರದ ಕಡೆ ಭತ್ತದ ಗದ್ದೆಗೆ ಮಣ್ಣು ಹೊಡೆದು ಎತ್ತರ ಮಾಡಿರ್ತಾರೆ. ಒಬ್ಬರು ಎರಡೆಕ್ರೆ ಮಾಡ್ತಾರೆ, ಪಕ್ಕದವರು ಮೂರೆಕ್ರೆ ಮಾಡ್ತಾರೆ. ಇವರ ರಸ್ತೆ ಅವರ ರಸ್ತೆಗೆ ಕೂಡಲ್ಲ. ಇವರ ಚರಂಡಿ ಅವರ ಬೇಲಿ ಹತ್ರ ಬಂದು ನಿಂತುಬಿಡ್ತದೆ.

ನನ್ನ ನಾದಿನಿ ವರಸೆಯವಳೊಬ್ಬಳು ಇದೇ ನಾಲ್ಕು ತಾಲ್ಲೂಕಲ್ಲಿ ಒಂದು ಕಡೆ ಮೆಂಬರ್ ಆಗಿದ್ಲು. ಹೆಸರು, ವಾರ್ಡು ಬರೀಬೇಡ ಅಂದಿದಾಳೆ, ಬರಿಯಲ್ಲ. ಗೆದ್ದ ಹೊಸದರಲ್ಲಿ ಬಂದೋರೆಲ್ಲ "ಮೆಂಬರು ಇದಾರಾ?" ಅಂತ ಅವಳನ್ನೇ ಕೇಳೋರು. ಗಂಡನ್ನ ಹುಡುಕಿಕೊಂಡು ಬಂದಿರೋರು! ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನು ಬಂದ್ರೂ ಬಾಯಿಗೆ ಇನ್ನೂ ಬಂದಿಲ್ಲ.

ಅವಳು ಹೇಳಿದ ಒಂದು ಮಾತು ನನ್ನ ತಲೇಲಿ ಕೂತುಬಿಟ್ಟದೆ. "ಅತ್ಗೆ, ಚರಂಡಿ ಕಟ್ಸದು ಸುಲಭ. ಅದರ ಕೊನೆ ಎಲ್ಲಿ ಅಂತ ಹೇಳದು ಕಷ್ಟ. ಮೇಲಿನ ಬೀದಿಯೋರು ಬಂದು 'ನಮ್ಮ ನೀರು ಹೋಗಂಗೆ ಮಾಡಿ' ಅಂತರೆ. ಕೆಳಗಿನ ಬೀದಿಯೋರು ಬಂದು 'ನಮ್ಮ ಮನೆಗೆ ಯಾಕೆ ಬಿಟ್ರಿ' ಅಂತರೆ. ಇಬ್ರೂ ನಂಗೆ ಓಟು ಹಾಕ್ದೋರೇ."

ಹಂಗಾದ್ರೆ ಮೊದಲೇ ಯಾಕೆ ನೋಡ್ಕೊಳ್ಳಲಿಲ್ಲ ಅಂದೆ. ಆಗ ಅವಳು ಬಿಡಿಸಿ ಹೇಳಿದ್ಲು. ಹೊಲ ಸೈಟಾಗಬೇಕಾದ್ರೆ ಮೊದಲು ಭೂಪರಿವರ್ತನೆ ಆಗ್ಬೇಕು. ನಾವು ಅಲಿನೇಷನ್ ಅಂತೀವಲ್ಲ, ಅದು. ಅದು ಡಿಸಿ ಕಡೆಯಿಂದ ಆಗದು. ಆಮೇಲೆ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ. ರಸ್ತೆ ಎಷ್ಟು ಅಗಲ, ಪಾರ್ಕು ಎಲ್ಲಿ, ನೀರು ಯಾವ ಕಡೆ ಹರೀಬೇಕು ಅನ್ನೋದೆಲ್ಲ ಆ ಹಾಳೇಲೇ ತೀರ್ಮಾನ ಆಗಿರ್ತದೆ. ಆ ಹೊತ್ನಲ್ಲಿ ಅಲ್ಲಿ ಒಂದು ಮನೇನೂ ಇರಲ್ಲ, ಕೇಳೋ ಜನಾನೂ ಇರಲ್ಲ. ಹತ್ತು ವರ್ಷ ಆದ್ಮೇಲೆ ಮನೆ ಎದ್ದು ಜನ ಬಂದಾಗ ಮೆಂಬರ್ ಮನೆ ಬಾಗಿಲು ತಟ್ತಾರೆ. "ಮದುವೆ ಮಾತುಕತೆಗೆ ಕರೀದೆ ಬಾಣಂತನಕ್ಕೆ ಕರೆದಂಗೆ ಕಣತ್ಗೆ ನಮ್ಮ ಕೆಲಸ" ಅಂದ್ಲು.

ಎಷ್ಟೋ ಕಡೆ ನಕ್ಷೆಗೆ ಒಪ್ಪಿಗೇನೂ ಇರಲ್ಲ, ಕಂದಾಯ ಸೈಟು ಅಂತ ಮಾರಿರ್ತಾರೆ. 2025ರಲ್ಲಿ ಸರ್ಕಾರ ಅಂಥ ಸೈಟುಗಳಿಗೂ ಬಿ-ಖಾತಾ ಕೊಡೋ ಅಭಿಯಾನ ಮಾಡ್ತು. ಕೈಗೊಂದು ಕಾಗದ ಬಂತು ಅಂತ ಜನಕ್ಕೆ ಸಮಾಧಾನ ಆಯ್ತು. ಆದ್ರೆ ಕಾಗದ ಬಂದ ಮಾತ್ರಕ್ಕೆ ಹತ್ತಡಿ ಓಣಿ ಮೂವತ್ತಡಿ ಆಗಲ್ಲ. ಅಂಬುಲೆನ್ಸ್ ತಿರುಗೋಕೆ ಜಾಗ ಹುಟ್ಟಲ್ಲ.

ಮೊದಲು ನಕ್ಷೆ ಹಾಕಿ ಆಮೇಲೆ ಮನೆ ಕಟ್ಟಿದ್ರೆ ಹೆಂಗಿರ್ತದೆ ಅಂತ ನೋಡಕ್ಕೆ ದೂರ ಹೋಗಬೇಕಿಲ್ಲ, ಕೆ.ಆರ್. ನಗರಕ್ಕೆ ಹೋಗಿ. ಹಳೇ ಊರು ಎಡತೊರೆ, ಕಾವೇರಿ ದಡದಲ್ಲಿ. ಪ್ರವಾಹಕ್ಕೆ ಸಿಕ್ಕಿ ಜನ ಕಷ್ಟಪಟ್ಟ ಮೇಲೆ, 1920ರ ದಶಕದಲ್ಲಿ, ನಾಲ್ವಡಿಯವರ ಕಾಲದಲ್ಲಿ ಎತ್ತರದ ಜಾಗ ನೋಡಿ ಹೊಸ ಊರು ಕಟ್ಟಿದ್ರು. ಅದಕ್ಕೇ ಅವರ ಹೆಸರು. ನೂರು ವರ್ಷ ಆಗ್ತಾ ಬಂದ್ರೂ ಹಳೇ ಭಾಗದ ರಸ್ತೆ ನೆಟ್ಟಗೆ, ಅಗಲವಾಗಿ ಅವೆ. ಅವತ್ತು ಅದು ಮಹಾರಾಜರ ತೀರ್ಮಾನ. ಇವತ್ತು ಮಹಾರಾಜರಿಲ್ಲ, ನಾವೇ ಸೇರಿ ತೀರ್ಮಾನ ಮಾಡ್ಬೇಕು. ಆದ್ರೆ ನಾವು ಸೇರೋದು ಎಲ್ಲಿ?

ನಂಗೆ ಹೊಟ್ಟೆ ಉರಿಯೋ ಜಾಗ ಇದೇ. ಹಳ್ಳೀಲಿರೋ ನಮ್ಮ ಅಕ್ಕನಿಗೆ ಗ್ರಾಮಸಭೆ ಅದೆ, ವಾರ್ಡ್ ಸಭೆ ಅದೆ. ಆರು ತಿಂಗಳಿಗೆ ಒಂದಾದ್ರೂ ಮಾಡಲೇಬೇಕು ಅಂತ ಕಾಯ್ದೆ. ಎಷ್ಟು ಸರಿಯಾಗಿ ಮಾಡ್ತಾರೆ ಅನ್ನೋದು ಬೇರೆ ಮಾತು, ಮಾಡದಿದ್ರೆ ಕೇಳೋ ಹಕ್ಕಾದ್ರೂ ಅದೆ. ಪಟ್ಟಣದಲ್ಲಿ? 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಆಗಿರೋದು ಮೂರು ಲಕ್ಷ ಜನ ಇರೋ ಊರಿಗೆ. 2011ರ ಜನಗಣತೀಲಿ ಹುಣಸೂರಿಗೇ ಸುಮಾರು 50 ಸಾವಿರ. ಉಳಿದ ಮೂರೂ ಅದಕ್ಕಿಂತ ಚಿಕ್ಕವು. ಅಂದ್ರೆ ಊರ ಪಕ್ಕದ ಹಳ್ಳಿ ಪುರಸಭೆಗೋ ನಗರಸಭೆಗೋ ಸೇರಿದ ದಿನ ಅಲ್ಲಿಯ ಹೆಂಗಸರಿಗೆ ಬೀದಿದೀಪ ಬರಬಹುದು, ಗ್ರಾಮಸಭೆ ಮಾತ್ರ ಹೋಗ್ತದೆ. ಉಳಿಯೋದು ಒಬ್ಬರೇ ಮೆಂಬರು.

ನಾದಿನಿ ಇದಕ್ಕೆ ತನ್ನದೇ ದಾರಿ ಹುಡುಕಿದ್ಲು. ಅವಳ ವಾರ್ಡಲ್ಲಿ ಪಾರ್ಕಿಗೆ ಬಿಟ್ಟ ಜಾಗ ಒಂದಿತ್ತು, ಪಾರ್ಥೇನಿಯಂ ಬೆಳೆದು ಕಸ ಸುರಿಯೋ ಜಾಗ ಆಗಿತ್ತು. ಒಂದು ಸಂಜೆ ಆರೂವರೆಗೆ ಸಭೆ ಕರೆದ್ಲು. ಬಂದೋರೆಲ್ಲ ಗಂಡಸರು. ಕೆಲವರು ದೇವಸ್ಥಾನ ಕಟ್ಟಣ ಅಂದ್ರು, ಕೆಲವರು ಸಮುದಾಯ ಭವನ ಅಂದ್ರು, ಜಗಳ ಆಗಿ ಎದ್ದು ಹೋದ್ರು. ಆಮೇಲೆ ಇನ್ನೊಂದು ದಿನ ಮಧ್ಯಾಹ್ನ ಮೂರಕ್ಕೆ, ಪಾತ್ರೆ ಆಗಿ ಮಕ್ಕಳು ಸ್ಕೂಲಿಂದ ಬರೋ ಮುಂಚೆ, ಅಂಗನವಾಡೀಲಿ ಕರೆದ್ಲು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಬಂದ್ರು. ಅಲ್ಲೊಬ್ಬ ಅಜ್ಜಿ, ಆ ಹೊಲದಲ್ಲೇ ಕೂಲಿ ಮಾಡಿದ್ದೋರು, "ಅವ್ವಾ, ಮಳೆಗಾಲದಲ್ಲಿ ಅದು ಹಳ್ಳ ಕಣವ್ವ, ಮ್ಯಾಲಿನ ನೀರೆಲ್ಲ ಅಲ್ಲೇ ಇಂಗದು" ಅಂದ್ರಂತೆ. ಅಷ್ಟೂ ಜನ ಸುಮ್ಮನಾದ್ರಂತೆ. ಅಲ್ಲಿ ಕಟ್ಟಡ ಎದ್ರೆ ಆ ನೀರು ಕೆಳಗಿನ ಬೀದಿ ಮನೆಗಳಿಗೇ ಹೋಗದು.

ಕೊನೆಗೆ ಕಟ್ಟಡ ಬೇಡ, ಬೇಲಿ ಹಾಕಿ ಹೊಂಗೆ ಗಿಡ ನೆಡಣ, ಮೂಲೇಲಿ ಒಂದು ದೀಪ ಇಡಣ ಅಂತ ಆಯ್ತು. ಎಲ್ಲರಿಗೂ ಖುಷಿ ಆಗಿಲ್ಲ. ದೇವಸ್ಥಾನ ಬೇಕು ಅಂದೋರು ಇವತ್ತಿಗೂ ಅವಳ ಜೊತೆ ಮಾತು ಬಿಟ್ಟವ್ರೆ. "ಓಟು ಹೋಯ್ತು, ಆದ್ರೆ ಮನೆಗೆ ನೀರು ನುಗ್ಗಲಿಲ್ಲ" ಅಂತ ನಗ್ತಾಳೆ. ಆ ಅಜ್ಜಿಗೆ ಗೊತ್ತಿದ್ದದ್ದು ಯಾವ ನಕ್ಷೇಲೂ ಇರಲಿಲ್ಲ ನೋಡಿ.

ಅದಕ್ಕೇ ನಿಮಗೆ ಹೇಳದು ಇಷ್ಟು. ಮನೇಲಿ ಸೈಟಿನ ಮಾತು ಬಂದ್ರೆ ರೇಟು ಕೇಳೋ ಮುಂಚೆ ಒಪ್ಪಿಗೆ ಆದ ನಕ್ಷೆ ಕೇಳಿ. ಪಾರ್ಕು ಯಾವ ನಂಬರು, ಚರಂಡಿ ಎಲ್ಲಿಗೆ ಹೋಗಿ ಸೇರ್ತದೆ ಅಂತ ಬೆರಳಿಟ್ಟು ತೋರಿಸಿ ಅನ್ನಿ. ಸುತ್ತಮುತ್ತ ಹಳೇ ರೈತರ ಮನೆ ಇದ್ರೆ, ಮಳೇಲಿ ಇಲ್ಲಿ ನೀರು ನಿಲ್ತದಾ ಅಂತ ಅಲ್ಲಿಯ ಹೆಂಗಸರನ್ನ ಕೇಳಿ.

ಈಗಾಗಲೇ ಮನೆ ಕಟ್ಟಿರೋರು ಪುರಸಭೆ, ನಗರಸಭೇಲಿ ಬಜೆಟ್ಟಿಗೆ ಮುಂಚೆ ಸಾರ್ವಜನಿಕರನ್ನ ಕರೆದು ಸಲಹೆ ಕೇಳೋ ಸಭೆಗೆ ಹೋಗಿ. ಬಜೆಟ್ಟು ಏಪ್ರಿಲ್‌ನಿಂದ ನಡೀಬೇಕಲ್ಲ, ಹಂಗಾಗಿ ಸಂಕ್ರಾಂತಿ ಆಸುಪಾಸಲ್ಲೇ ನಿಮ್ಮ ಮೆಂಬರನ್ನ ತಾರೀಖು ಕೇಳಿಟ್ಕೊಳ್ಳಿ. ಬೀದಿಯೋರೆಲ್ಲ ಸೇರಿ ಒಂದು ಅರ್ಜಿ ಬರೆದು, ಮೇಲಿನ ಬೀದಿ ಕೆಳಗಿನ ಬೀದಿ ಎರಡರ ಸಹೀನೂ ಹಾಕಿಸಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಂದೇ ಬೀದಿ ಸಹಿ ಇದ್ರೆ ಅದು ಜಗಳದ ಅರ್ಜಿ ಆಯ್ತದೆ, ಎರಡೂ ಇದ್ರೆ ಮೆಂಬರಿಗೂ ಧೈರ್ಯ ಬರ್ತದೆ ಅಂತ ನಾದಿನಿ ಹೇಳ್ತಾಳೆ.

ಮತ್ತೆ ಸಭೆ ಸಂಜೆ ಆರೂವರೆಗೆ ಅಂದ್ರೆ, ಮೂರು ಗಂಟೆಗೆ ಇಟ್ಕೊಳ್ಳಿ ನಾವೂ ಬರ್ತೀವಿ ಅಂತ ಹೇಳಿಬಿಡಿ.